ಅರ್ಧ ವರ್ಷ ಕಳೆಯಿತು: ಮನೆ, ದುಡಿಮೆ ಮತ್ತು ಮಕ್ಕಳ ಓದಿನ ಲೆಕ್ಕವನ್ನು ತಿದ್ದಿಕೊಳ್ಳುವ ಬಗೆ

ಸೆಪ್ಟೆಂಬರ್ 30ಕ್ಕೆ 2025-26ನೇ ಹಣಕಾಸು ವರ್ಷದ ಮೊದಲರ್ಧ ಮುಗಿದಿದೆ. ಶಾಲೆಗಳಲ್ಲಿ ತ್ರೈಮಾಸಿಕ ಪರೀಕ್ಷೆ ಮುಗಿದು ಅಂಕಗಳು ಮನೆ ಸೇರುತ್ತಿವೆ. ಆಯುಧಪೂಜೆಯ ಕುಂಕುಮ ಯಂತ್ರಗಳ ಮೇಲೆ ಇನ್ನೂ ಮಾಸಿಲ್ಲ. ಅಷ್ಟರಲ್ಲಿಯೇ ದೀಪಾವಳಿಯ ಬೋನಸ್ಸಿನ ಮಾತು ಆರಂಭವಾಗಿದೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ದುಡಿಯುವ ಕನ್ನಡ ಕುಟುಂಬಗಳ ಪಾಲಿಗೆ ಮನೆಯ ಲೆಕ್ಕ, ಕಸುಬಿನ ಲೆಕ್ಕ, ಮಕ್ಕಳ ಓದಿನ ಲೆಕ್ಕ ಮೂರೂ ಒಟ್ಟಿಗೆ ಕಣ್ಣೆದುರು ಬರುವ ಕಾಲ ಇದು.

ಏಪ್ರಿಲ್‌ನಲ್ಲಿ ನಾವೆಲ್ಲರೂ ಒಂದಿಷ್ಟು ಗುರಿಗಳನ್ನು ಇಟ್ಟುಕೊಂಡಿದ್ದೆವು. ಇಷ್ಟು ಉಳಿಸಬೇಕು, ಇಷ್ಟು ಸಾಲ ತೀರಿಸಬೇಕು, ಇನ್ನೊಂದು ಹೊಲಿಗೆ ಯಂತ್ರ ಕೊಳ್ಳಬೇಕು, ಮಗಳು ಹತ್ತನೆಯ ತರಗತಿಯಲ್ಲಿ ಇಷ್ಟು ಅಂಕ ಪಡೆಯಬೇಕು ಎಂದು. ಆ ಲೆಕ್ಕ ಹಾಕಿದಾಗ ಇದ್ದ ಪರಿಸ್ಥಿತಿ ಇಂದು ಇಲ್ಲ. ಹೀಗಾದಾಗ ಬಹುತೇಕ ಮನೆಗಳಲ್ಲಿ ಎರಡರಲ್ಲಿ ಒಂದು ನಡೆಯುತ್ತದೆ. ಹಳೆಯ ಲೆಕ್ಕವನ್ನೇ ಹಿಡಿದು ಬಡ್ಡಿಗೆ ಹಣ ತಂದು ಅದನ್ನು ಪೂರೈಸಲು ಹೊರಡುತ್ತೇವೆ. ಅಥವಾ ಎಲ್ಲವೂ ಕೆಟ್ಟಿತೆಂದು ಕೈಚೆಲ್ಲಿ, ಮೊಟ್ಟಮೊದಲಿಗೆ ಮಕ್ಕಳ ಓದಿಗೇ ಕತ್ತರಿ ಹಾಕುತ್ತೇವೆ. ಎರಡೂ ತಪ್ಪಿಸಬಹುದಾದ ನಷ್ಟಗಳು. ವರ್ಷದ ನಡುವೆ ಕುಳಿತು ಲೆಕ್ಕವನ್ನು ಮತ್ತೆ ನೋಡುವುದು ಹೇಗೆ, ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಆರು ತಿಂಗಳಲ್ಲಿ ಬದಲಾದದ್ದು ಏನು?

ತಿರುಪ್ಪೂರಿನ ಹೆಣಿಗೆ ಉಡುಪುಗಳ ರಫ್ತು 2024-25ರಲ್ಲಿ ಸುಮಾರು 45,000 ಕೋಟಿ ರೂಪಾಯಿ ಮುಟ್ಟಿತ್ತು. ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗಕ್ಕೆ ಅಮೆರಿಕವೇ ಮಾರುಕಟ್ಟೆ. 2025ರ ಏಪ್ರಿಲ್ 2ರಂದು ಅಮೆರಿಕವು ಭಾರತದ ಸರಕಿನ ಮೇಲೆ ಹೆಚ್ಚುವರಿ ಸುಂಕವನ್ನು ಘೋಷಿಸಿತು. ಒಂದು ವಾರದಲ್ಲಿ ಅದನ್ನು ತಡೆಹಿಡಿದು ಶೇ. 10ರಷ್ಟನ್ನು ಮಾತ್ರ ಉಳಿಸಿಕೊಂಡಿತು. ಆಗಸ್ಟ್ 7ರಿಂದ ಅದು ಶೇ. 25 ಆಯಿತು, ಆಗಸ್ಟ್ 27ರಿಂದ ಶೇ. 50. ಹತ್ತಿಯ ಟೀ ಶರ್ಟಿಗೆ ಅಲ್ಲಿ ಮೊದಲಿನಿಂದಲೂ ಶೇ. 16.5ರ ಸುಂಕವಿದೆ. ಅಂದರೆ ಆಗ 5 ಡಾಲರ್ ಬೆಲೆಯ ಒಂದು ಟೀ ಶರ್ಟು ಭಾರತದಿಂದ ಹೋದರೆ ಅದರ ಮೇಲೆ 3 ಡಾಲರಿಗಿಂತ ಹೆಚ್ಚು ಸುಂಕ ಬೀಳುತ್ತಿತ್ತು. ಬಾಂಗ್ಲಾದೇಶ ಮತ್ತು ವಿಯೆಟ್ನಾಂ ದೇಶಗಳ ಮೇಲಿನ ಹೆಚ್ಚುವರಿ ಸುಂಕ ಆಗ ಶೇ. 20 ಮಾತ್ರವಾಗಿದ್ದರಿಂದ ಅವರ ಅದೇ ಟೀ ಶರ್ಟಿಗೆ 2 ಡಾಲರಿಗಿಂತ ಕಡಿಮೆ ಬೀಳುತ್ತಿತ್ತು. ಖರೀದಿದಾರನು ಯಾವ ಕಡೆ ತಿರುಗುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರ್ಡರ್ ನಿಂತರೆ ಮೊದಲು ಹೋಗುವುದು ಓವರ್‌ಟೈಮ್, ಆಮೇಲೆ ಕೆಲಸದ ದಿನಗಳು, ಆಮೇಲೆ ಕೆಲಸ.

ಬದಲಾದದ್ದೆಲ್ಲವೂ ಕೆಡುಕಲ್ಲ. ಆಗಸ್ಟ್ 19ರಿಂದ ಕೇಂದ್ರ ಸರ್ಕಾರ ಹತ್ತಿಯ ಮೇಲಿನ ಶೇ. 11ರ ಆಮದು ಸುಂಕವನ್ನು ತೆಗೆದುಹಾಕಿತು. ಈ ವಿನಾಯಿತಿಯನ್ನು 2025ರ ಡಿಸೆಂಬರ್ 31ರವರೆಗೆ ಮುಂದುವರಿಸಲಾಗಿತ್ತು. ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5 ಆಗಿದೆ, ಹಿಂದೆ ಈ ದರ 1,000 ರೂಪಾಯಿವರೆಗಿನ ಉಡುಪಿಗೆ ಮಾತ್ರ ಇತ್ತು. ದೇಶದೊಳಗಿನ ಮಾರುಕಟ್ಟೆಗೆ ಹೊಲಿಯುವ ಘಟಕಗಳಿಗೆ ಇದರಿಂದ ಅನುಕೂಲ. ಜುಲೈ 24ರಂದು ಬ್ರಿಟನ್ನಿನೊಂದಿಗೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದೆ. ಅದು ಜಾರಿಗೆ ಬಂದ ಮೇಲೆ ಹೊಸ ದಾರಿ ತೆರೆಯಬಹುದು. 2025ರ ಫೆಬ್ರವರಿಯ ಆರಂಭದಲ್ಲಿ ಶೇ. 6.5 ಇದ್ದ ರಿಸರ್ವ್ ಬ್ಯಾಂಕಿನ ರೆಪೊ ದರ ಜೂನ್ ವೇಳೆಗೆ ಶೇ. 5.5ಕ್ಕೆ ಇಳಿದಿತ್ತು.

ಶಾಲೆಯ ಕಡೆಯೂ ಬದಲಾವಣೆ ಬಂದಿದೆ. ಆಗಸ್ಟ್ 8ರಂದು ತಮಿಳುನಾಡು ಸರ್ಕಾರವು ತನ್ನ ಶಿಕ್ಷಣ ನೀತಿಯನ್ನು ಪ್ರಕಟಿಸಿ, ಹನ್ನೊಂದನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯನ್ನು ಈ ವರ್ಷದಿಂದಲೇ ಕೈಬಿಡುವುದಾಗಿ ತಿಳಿಸಿತು. ಜೂನ್‌ನಲ್ಲಿ ಆ ಪರೀಕ್ಷೆಗೆಂದೇ ಟ್ಯೂಷನ್ ಗೊತ್ತುಮಾಡಿದ್ದ ಮನೆಗಳಿಗೆ ಎರಡೇ ತಿಂಗಳಲ್ಲಿ ಲೆಕ್ಕ ಬದಲಾಯಿತು.

ಇವುಗಳಲ್ಲಿ ಯಾವುದೊಂದನ್ನೂ ಏಪ್ರಿಲ್‌ನಲ್ಲಿ ಕುಳಿತು ಊಹಿಸಲು ನಮ್ಮಿಂದ ಸಾಧ್ಯವಿರಲಿಲ್ಲ. ಆದ್ದರಿಂದ ಏಪ್ರಿಲ್‌ನ ಲೆಕ್ಕ ಅಕ್ಟೋಬರ್‌ನಲ್ಲಿ ತಾಳೆಯಾಗದಿದ್ದರೆ ಅದು ಯಾರ ಸೋಮಾರಿತನವೂ ಅಲ್ಲ, ಯಾರ ಹಣೆಬರಹವೂ ಅಲ್ಲ.

ದೊಡ್ಡ ಸಂಸ್ಥೆಗಳೂ ತಿದ್ದಿಕೊಳ್ಳುತ್ತವೆ

ಒಮ್ಮೆ ಹೇಳಿದ ಮಾತನ್ನು ನಡುವೆ ಬದಲಿಸುವುದು ಮಾನ ಕಳೆದುಕೊಂಡಂತೆ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಲವಾಗಿದೆ. ದೇಶದ ದೊಡ್ಡ ಸಂಸ್ಥೆಗಳು ಏನು ಮಾಡುತ್ತವೆ ಎಂಬುದನ್ನು ನೋಡಿದರೆ ಈ ಅಳುಕು ಕಡಿಮೆಯಾಗಬಹುದು.

ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯು ವರ್ಷಕ್ಕೆ ಕನಿಷ್ಠ ನಾಲ್ಕು ಬಾರಿಯಾದರೂ ಸೇರಬೇಕೆಂದು ಕಾನೂನಿದೆ. ವಾಸ್ತವವಾಗಿ ಆರು ಬಾರಿ ಸೇರುತ್ತದೆ. ಈ ವರ್ಷದ ಬೆಲೆಯೇರಿಕೆ ಶೇ. 4 ಇರಬಹುದೆಂದು ಅದು ಏಪ್ರಿಲ್‌ನಲ್ಲಿ ಅಂದಾಜಿಸಿತು. ಜೂನ್‌ನಲ್ಲಿ ಅದನ್ನು 3.7ಕ್ಕೆ, ಆಗಸ್ಟ್‌ನಲ್ಲಿ 3.1ಕ್ಕೆ, ಅಕ್ಟೋಬರ್ 1ರಂದು 2.6ಕ್ಕೆ ಇಳಿಸಿತು. ನಾಲ್ಕು ಸಭೆ, ನಾಲ್ಕು ಸಂಖ್ಯೆ. ಬೆಲೆಗಳನ್ನು ಹತೋಟಿಯಲ್ಲಿಡಬೇಕೆಂಬ ಅದರ ಉದ್ದೇಶ ಮಾತ್ರ ನಾಲ್ಕು ಸಭೆಗಳಲ್ಲಿಯೂ ಒಂದೇ.

ಸರ್ಕಾರದ ಆಯವ್ಯಯ ಪತ್ರದಲ್ಲಿ ‘ಬಜೆಟ್ ಅಂದಾಜು’ ಎಂಬ ಅಂಕಣದ ಜೊತೆಗೆ ‘ಪರಿಷ್ಕೃತ ಅಂದಾಜು’ ಎಂಬ ಅಂಕಣವೂ ಇರುತ್ತದೆ. ಆದಾಯ ತೆರಿಗೆಯ ಕಾನೂನಿನಲ್ಲಿಯೂ ಇದೇ ಕ್ರಮವಿದೆ. ಮುಂಗಡ ತೆರಿಗೆಯನ್ನು ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ ಎಂದು ಕಟ್ಟುತ್ತಾ ಹೋಗಬೇಕು; ಪ್ರತಿ ಕಂತಿನಲ್ಲಿಯೂ ವರ್ಷದ ಆದಾಯವನ್ನು ಹೊಸದಾಗಿ ಅಂದಾಜು ಮಾಡಬಹುದು.

ನಮ್ಮ ರೈತರಿಗೆ ಇದು ಹೊಸ ವಿಷಯವಲ್ಲ. ಮುಂಗಾರು ಕೈಕೊಟ್ಟರೆ ಹಿಂಗಾರಿಗೆ ಬೇರೆ ಬೆಳೆ ಇಡುತ್ತಾರೆ. ಮಳೆ ಬಾರದ ಹೊಲದಲ್ಲಿ ಮೊದಲು ಗೊತ್ತುಮಾಡಿದ ಬೀಜವನ್ನೇ ಹಟ ಹಿಡಿದು ಬಿತ್ತುವುದಿಲ್ಲ. ಹೊಲದಲ್ಲಿ ಇರುವ ಈ ವಿವೇಕವನ್ನು ವಾರದ ಸಂಬಳಕ್ಕೂ ತರಬೇಕಾಗಿದೆ.

ಉದ್ದೇಶ ಒಂದು, ಲೆಕ್ಕ ಇನ್ನೊಂದು

ಪ್ರತಿ ಗುರಿಯಲ್ಲಿಯೂ ಮೂರು ಅಂಶಗಳಿರುತ್ತವೆ: ಉದ್ದೇಶ, ಮೊತ್ತ, ಗಡುವು. ‘ಮಗಳ ಕಾಲೇಜಿಗೆ ಮುಂದಿನ ಜೂನ್ ಒಳಗೆ 30,000 ರೂಪಾಯಿ’ ಎಂಬುದರಲ್ಲಿ ಮಗಳ ಓದು ಉದ್ದೇಶ, 30,000 ಮೊತ್ತ, ಜೂನ್ ಗಡುವು. ನಡುವರ್ಷದಲ್ಲಿ ತಿದ್ದಬೇಕಾದದ್ದು ಹೆಚ್ಚಾಗಿ ಮೊತ್ತ ಮತ್ತು ಗಡುವುಗಳನ್ನು. ಉದ್ದೇಶವನ್ನು ಕೈಬಿಡುವುದು ಕಟ್ಟಕಡೆಯ ಮಾತು. ಕಷ್ಟ ಬಂದಾಗ ಮೂರನ್ನೂ ಒಂದೇ ಗಂಟಾಗಿ ಕಾಣುವುದರಿಂದ, ಮೊತ್ತ ಕೂಡದಿದ್ದರೆ ಉದ್ದೇಶವನ್ನೇ ಬಿಟ್ಟುಬಿಡುತ್ತೇವೆ.

ತಿರುಪ್ಪೂರು ಇದನ್ನು ಒಮ್ಮೆ ಕಠಿಣವಾಗಿ ಕಲಿತಿದೆ. ನೊಯ್ಯಲ್ ನದಿಯನ್ನು ಕೆಡಿಸುತ್ತಿದ್ದ ಬಣ್ಣದ ಘಟಕಗಳನ್ನು ಮುಚ್ಚುವಂತೆ ಮದ್ರಾಸ್ ಹೈಕೋರ್ಟು 2011ರ ಜನವರಿ 28ರಂದು ಆದೇಶಿಸಿತು. ಹಣಕಾಸು ವರ್ಷ ಮುಗಿಯಲು ಎರಡು ತಿಂಗಳಿರುವಾಗ ನೂರಾರು ಘಟಕಗಳು ಒಮ್ಮೆಗೇ ನಿಂತವು. ಬಟ್ಟೆಗೆ ಬಣ್ಣ ಹಾಕಿಸಲು ಬೇರೆ ಊರುಗಳಿಗೆ ಕಳುಹಿಸಬೇಕಾಯಿತು. ದುಡಿಯಲು ಬಂದಿದ್ದ ಅನೇಕರು ಊರಿಗೆ ಮರಳಿದರು. ಮುಂದೆ ತಲೆಯೆತ್ತಿದ್ದು, ಕೊಳೆನೀರನ್ನು ಹೊರಬಿಡದೆ ಶುದ್ಧೀಕರಿಸಿ ಮತ್ತೆ ಬಳಸುವ ಸಾಮೂಹಿಕ ಘಟಕಗಳನ್ನು ಸೇರಿ ಆರಂಭಿಸಿದವರು. ಬಣ್ಣ ಹಾಕುವ ಕಸುಬು ಉಳಿಯಿತು. ಅದನ್ನು ಮಾಡುವ ರೀತಿ, ಖರ್ಚು, ಕಾಲ ಎಲ್ಲವೂ ಬದಲಾದವು.

ಮನೆಯ ಲೆಕ್ಕವನ್ನು ಬರೆಯುವ ಕ್ರಮ

ತಿರುಪ್ಪೂರಿನಲ್ಲಿ ಸಂಬಳ ಹೆಚ್ಚಾಗಿ ಶನಿವಾರಕ್ಕೆ ಕೈಸೇರುತ್ತದೆ. ಬಾಡಿಗೆ, ಚೀಟಿ, ಶಾಲೆಯ ಖರ್ಚು ತಿಂಗಳಿಗೆ ಬರುತ್ತವೆ. ವಾರದ ಹಣ ವಾರದಲ್ಲೇ ಕರಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಮೊದಲ ಕೆಲಸ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 26 ವಾರಗಳಲ್ಲಿ ನಿಜವಾಗಿ ಬಂದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಯುವುದು. ನೆನಪಿನಿಂದ ಬರೆದರೂ ನಡೆಯುತ್ತದೆ; ಬರೆಯದೆ ಮಾತಾಡಿದರೆ ಮಾತ್ರ ಜಗಳದಲ್ಲಿ ಮುಗಿಯುತ್ತದೆ.

ಉದಾಹರಣೆಗೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗಂಡ ಟೈಲರ್, ಹೆಂಡತಿ ಚೆಕಿಂಗ್ ವಿಭಾಗದಲ್ಲಿ. ವರ್ಷಕ್ಕೆ 72,000 ರೂಪಾಯಿ ಉಳಿಸಬೇಕೆಂದು ಏಪ್ರಿಲ್‌ನಲ್ಲಿ ಗೊತ್ತುಮಾಡಿದ್ದರು: ಹನ್ನೆರಡನೆಯ ತರಗತಿಯ ಮಗಳ ಕಾಲೇಜಿಗೆ 30,000, ಗಿರವಿ ಇಟ್ಟ ಬಳೆ ಬಿಡಿಸಿಕೊಳ್ಳಲು 27,000, ಕಿರಿಯ ಮಗುವಿನ ಕಿವಿ ಚುಚ್ಚುವ ಶುಭಕಾರ್ಯಕ್ಕೆ 15,000. ತಿಂಗಳಿಗೆ 6,000ದಂತೆ ಇಷ್ಟರಲ್ಲಿ 36,000 ಇರಬೇಕಿತ್ತು, ಇರುವುದು 24,000. ಅಂದರೆ ತಿಂಗಳಿಗೆ 4,000 ಮಾತ್ರ ಉಳಿದಿದೆ.

ಇಲ್ಲಿ ಸಾಮಾನ್ಯವಾಗಿ ಹೇಳುವ ಮಾತು, ‘ಉಳಿದ ಆರು ತಿಂಗಳು ಬಿಗಿಹಿಡಿದರೆ ಸರಿಹೋಗುತ್ತದೆ’ ಎಂದು. ಲೆಕ್ಕ ಹಾಕಿ ನೋಡಿ: 72,000 ತಲುಪಲು ಇನ್ನು ತಿಂಗಳಿಗೆ 8,000 ಬೇಕು. ಓವರ್‌ಟೈಮ್ ಇದ್ದಾಗಲೇ ಉಳಿದದ್ದು ಅದರ ಅರ್ಧ. ಹಾಗಿದ್ದರೆ ಹಳೆಯ ಗುರಿ ಈಗ ಬರೀ ಆಸೆ. ಇದೇ ಓಟದಲ್ಲಿ ಹೋದರೆ ವರ್ಷದ ಕೊನೆಗೆ 48,000 ಸಿಗಬಹುದು. ದೀಪಾವಳಿಯ ಬೋನಸ್ಸಿನಲ್ಲಿ 12,000 ಕೈಗೆ ಉಳಿದರೆ 60,000.

ಈ ಎರಡು ಮೊತ್ತಗಳಿಗೆ ಎರಡು ಪಟ್ಟಿ ಬರೆದಿಡುವುದು ಜಾಣತನ. 60,000 ಬಂದರೆ ಕಾಲೇಜಿಗೆ 30,000, ಬಳೆಗೆ 27,000, ಕೈಯಲ್ಲಿ 3,000; ಕಿವಿ ಚುಚ್ಚುವ ಕಾರ್ಯ ಒಂದು ವರ್ಷ ಮುಂದಕ್ಕೆ. 48,000 ಮಾತ್ರ ಬಂದರೆ ಕಾಲೇಜಿಗೆ ಅದೇ 30,000. ಗಿರವಿಯ ಸಾಲಕ್ಕೆ 18,000 ಕಟ್ಟಿ ಬಾಕಿಯನ್ನು ನವೀಕರಿಸಿಕೊಳ್ಳುವುದು. ಎರಡು ಪಟ್ಟಿಯಲ್ಲಿಯೂ ಕಾಲೇಜಿನ ಸಾಲು ಅಲುಗಾಡಿಲ್ಲ. ಬಂಧುಗಳಿಗೆ ಊಟ ಹಾಕುವ ಕಾರ್ಯ ಮುಂದಿನ ವರ್ಷ ಮಾಡಿದರೂ ಮಗುವಿನ ಕಿವಿ ಅಲ್ಲಿಯೇ ಇರುತ್ತದೆ. ಕಾಲೇಜಿನ ಪ್ರವೇಶ ತಪ್ಪಿಹೋದರೆ ಹಾಗಲ್ಲ.

ಬೋನಸ್ಸಿನ ಬಗ್ಗೆ ಒಂದು ಎಚ್ಚರ. ಬೋನಸ್ ಕಾನೂನಿನಂತೆ ಕನಿಷ್ಠ ಶೇ. 8.33, ಗರಿಷ್ಠ ಶೇ. 20, 20 ಅಥವಾ ಹೆಚ್ಚು ಜನ ದುಡಿಯುವ ಘಟಕಗಳಿಗೆ ಇದು ಅನ್ವಯ, ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿರಬೇಕು. ಪೀಸ್ ರೇಟಿನವರಿಗೂ ಕಂಟ್ರಾಕ್ಟ್‌ದಾರರ ಕೆಳಗೆ ದುಡಿಯುವವರಿಗೂ ಎಷ್ಟು ಬರುತ್ತದೆ ಎಂಬುದು ಹಲವೆಡೆ ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ. ಕೈಗೆ ಬರುವ ಮೊದಲೇ ಆ ಹಣವನ್ನು ನಂಬಿ ಪಟಾಕಿ, ಬಟ್ಟೆ, ಮೊಬೈಲುಗಳನ್ನು ಕಂತಿನಲ್ಲಿ ತರುವುದು ಬೇಡ. ಹೊಸ ಚೀಟಿಗೆ ಸೇರುವುದನ್ನೂ ಈ ತಿಂಗಳು ತಡೆಹಿಡಿಯಬಹುದು. ಈಗಾಗಲೇ ಕಟ್ಟುತ್ತಿರುವ ಚೀಟಿಯನ್ನು ನಡುವೆ ಬಿಟ್ಟರೆ ಕಳೆಯುವುದು ಎಷ್ಟು ಎಂಬುದನ್ನು ನಡೆಸುವವರಲ್ಲಿ ಕೇಳಿ ತಿಳಿದ ಮೇಲೆಯೇ ನಿರ್ಧರಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ಗೊತ್ತಿದೆ. ಹಾಸಿಗೆಯನ್ನು ವರ್ಷದ ನಡುವೆ ಮತ್ತೊಮ್ಮೆ ಅಳೆಯುವುದು ಮಾತ್ರ ನಮ್ಮಲ್ಲಿ ರೂಢಿಯಾಗಿಲ್ಲ.

ಸಣ್ಣ ಕಸುಬಿನವರು ನೋಡಬೇಕಾದ ನಾಲ್ಕು ವಿಷಯಗಳು

ನಮ್ಮವರಲ್ಲಿ ನಾಲ್ಕಾರು ಯಂತ್ರಗಳನ್ನು ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರಿದ್ದಾರೆ. ಕೊಯಮತ್ತೂರು ಮತ್ತು ಸಿರುಮುಗೈ ಕಡೆ ತಲೆತಲಾಂತರದಿಂದ ಮಗ್ಗ ಹಿಡಿದ ಕನ್ನಡ ಮಾತಿನ ದೇವಾಂಗ ಕುಟುಂಬಗಳಿವೆ. ಕಿರಾಣಿ, ತಿಂಡಿ, ಹೂವಿನ ವ್ಯಾಪಾರದವರಿದ್ದಾರೆ. ಅವರ ಅರ್ಧವರ್ಷದ ಪರಿಶೀಲನೆಯಲ್ಲಿ ಈ ನಾಲ್ಕು ಇರಲಿ.

ಮೊದಲನೆಯದು, ಯಾರಿಂದ ಎಷ್ಟು ಕೆಲಸ ಬರುತ್ತಿದೆ ಎಂಬುದು. ಒಬ್ಬನೇ ಗಿರಾಕಿಯಿಂದ ಅರ್ಧಕ್ಕಿಂತ ಹೆಚ್ಚು ಕೆಲಸ ಬರುತ್ತಿದ್ದರೆ, ಮತ್ತು ಅವನ ಸರಕು ಅಮೆರಿಕಕ್ಕೇ ಹೋಗುತ್ತಿದ್ದರೆ, ನಮ್ಮ ಅಪಾಯ ನಮ್ಮ ಯಂತ್ರದ ಕೋಣೆಯ ಹೊರಗಿದೆ. ವರ್ಷದ ಮಾರಾಟದ ಗುರಿಯನ್ನು ಅರ್ಧಕ್ಕೆ ಇಳಿಸಿ ಕುಳಿತುಕೊಳ್ಳುವುದಕ್ಕಿಂತ, ‘ಮಾರ್ಚ್ ಒಳಗೆ ದೇಶೀಯ ಮಾರುಕಟ್ಟೆಗೆ ಹೊಲಿಸುವ ಇಬ್ಬರು ಹೊಸ ಗಿರಾಕಿಗಳು’ ಎಂದು ಗುರಿಯ ರೂಪವನ್ನೇ ಬದಲಿಸುವುದು ಮೇಲು. ಜಿಎಸ್‌ಟಿ ಇಳಿಕೆಯ ಪ್ರಯೋಜನ ಸಿಗುವುದು ಆ ಕಡೆಯಲ್ಲಿಯೇ.

ಎರಡನೆಯದು, ಬರಬೇಕಾದ ಬಾಕಿ. ಪುಸ್ತಕದಲ್ಲಿ ಲಾಭವಿದ್ದು ಕೈಯಲ್ಲಿ ಹಣವಿಲ್ಲದ ಕಸುಬುಗಳೇ ನಡುವರ್ಷದಲ್ಲಿ ಮುಗ್ಗರಿಸುತ್ತವೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ಇದರ ಜೊತೆಗೆ, ಆ ಗಡುವು ಮೀರಿ ಬಾಕಿ ಉಳಿಸಿಕೊಂಡ ಖರೀದಿದಾರನು ಹಣ ಕೊಡುವವರೆಗೂ ಆ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮ 2023-24ರ ಲೆಕ್ಕದಿಂದ ಜಾರಿಯಲ್ಲಿದೆ. ಇವುಗಳ ರಕ್ಷಣೆ ಪಡೆಯಲು ‘ಉದ್ಯಮ್’ ನೋಂದಣಿ ಮಾಡಿಸಿ ಬಿಲ್ಲಿನ ಮೇಲೆ ಅದರ ಸಂಖ್ಯೆಯನ್ನು ಹಾಕಬೇಕು. ನೋಂದಣಿಗೆ ಶುಲ್ಕವಿಲ್ಲ.

ಮೂರನೆಯದು, ಸಾಲದ ಬಡ್ಡಿ. ರೆಪೊ ದರ ಇಳಿದಿದೆ; ಅದಕ್ಕೆ ಜೋಡಿಸಿದ ಸಾಲಗಳ ಬಡ್ಡಿಯನ್ನು ಬ್ಯಾಂಕುಗಳು ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು. ನಮ್ಮ ಸಾಲ ಯಾವ ಬಗೆಯದು, ಬಡ್ಡಿ ಇಳಿದಿದೆಯೇ ಎಂದು ಬ್ಯಾಂಕಿಗೆ ಹೋಗಿ ಒಂದು ಪತ್ರ ಕೊಟ್ಟು ಕೇಳುವುದಕ್ಕೆ ಅರ್ಧ ದಿನ ಸಾಕು.

ನಾಲ್ಕನೆಯದು, ಹೊಸ ಯಂತ್ರ. ‘ಈ ವರ್ಷ ಇನ್ನೆರಡು ಯಂತ್ರ’ ಎಂಬ ಗುರಿ ಇದ್ದವರು, ಇರುವ ಯಂತ್ರಗಳು ಕಳೆದ ಎಂಟು ವಾರಗಳಲ್ಲಿ ಎಷ್ಟು ದಿನ ಖಾಲಿ ನಿಂತಿದ್ದವು ಎಂದು ಎಣಿಸಲಿ. ಖಾಲಿ ನಿಂತ ಯಂತ್ರದ ಪಕ್ಕದಲ್ಲಿ ಸಾಲದ ಯಂತ್ರ ಇಡುವುದರಲ್ಲಿ ಅರ್ಥವಿಲ್ಲ. ಆಯುಧಪೂಜೆಯಂದು ಯಂತ್ರ ಒರೆಸಿ ಕುಂಕುಮ ಹಚ್ಚುವ ನಾವು, ಅದೇ ದಿನ ಪೂಜೆಗಿಟ್ಟ ಲೆಕ್ಕದ ಪುಸ್ತಕವನ್ನು ಮಾರನೆಯ ದಿನ ತೆರೆದು ಓದುವ ಪದ್ಧತಿಯನ್ನೂ ಇಟ್ಟುಕೊಂಡರೆ ಒಳ್ಳೆಯದು.

ಮಕ್ಕಳ ಓದು: ತಿದ್ದಬೇಕಾದದ್ದು, ಮುಟ್ಟಬಾರದ್ದು

ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಗಡಿ ಬದಲಾದರೂ ಆ ಕಡೆಯಿಂದ ಈ ಕಡೆಗೆ ದುಡಿಮೆಯ ಹಾದಿ ಮುಚ್ಚಲಿಲ್ಲ. ಕೊಳ್ಳೇಗಾಲ, ಹನೂರು, ಚಾಮರಾಜನಗರ, ತಾಳವಾಡಿ ಕಡೆಗಳಿಂದ ಇಲ್ಲಿಗೆ ಬಂದ ಎಷ್ಟೋ ಕುಟುಂಬಗಳಲ್ಲಿ ತಂದೆತಾಯಿ ಇಲ್ಲಿ, ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಕನ್ನಡ ಮಾಧ್ಯಮದಲ್ಲಿ. ಆರು ತಿಂಗಳ ಲೆಕ್ಕ ಕೆಟ್ಟಾಗ ಈ ಮನೆಗಳಲ್ಲಿ ಏಳುವ ಮೊದಲ ಮಾತು: ಮಗುವನ್ನು ಇಲ್ಲಿಗೆ ಕರೆತರೋಣವೇ, ಅಥವಾ ನಾವೇ ಊರಿಗೆ ಹೋಗೋಣವೇ?

ಇದರಲ್ಲಿ ಕಾನೂನು ಹೇಳುವುದನ್ನು ಪೋಷಕರು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೆಯ ತರಗತಿಯವರೆಗೆ ಮಗುವು ಯಾವುದೇ ಕಾರಣಕ್ಕೆ ರಾಜ್ಯದೊಳಗಾಗಲಿ ಹೊರಗಾಗಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಬಹುದು. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೆಂದೂ ನಿರಾಕರಿಸುವಂತಿಲ್ಲ. ಆದ್ದರಿಂದ ಸ್ಥಳ ಬದಲಿಸಲೇಬೇಕಾದರೆ ಮಗು ಒಂದು ದಿನವೂ ಶಾಲೆಯಿಲ್ಲದೆ ಇರಬೇಕಾದ ಅಗತ್ಯವಿಲ್ಲ. ಆದರೆ ಹಕ್ಕು ಇದೆ ಎಂಬ ಮಾತ್ರಕ್ಕೆ ಅದು ಒಳ್ಳೆಯದೆಂದು ಅರ್ಥವಲ್ಲ. ಕನ್ನಡದಲ್ಲಿ ವಿಜ್ಞಾನ ಓದುತ್ತಿದ್ದ ಮಗುವನ್ನು ಅಕ್ಟೋಬರ್‌ನಲ್ಲಿ ತಂದು ಬೇರೆ ಮಾಧ್ಯಮದ ತರಗತಿಯಲ್ಲಿ ಕೂರಿಸಿದರೆ ಅದು ಆ ವರ್ಷದ ಪಾಠವನ್ನೂ ಕಳೆದುಕೊಳ್ಳುತ್ತದೆ, ಧೈರ್ಯವನ್ನೂ ಕಳೆದುಕೊಳ್ಳುತ್ತದೆ. ಕೆಲವು ತಿಂಗಳು ಕಾಯಲು ಸಾಧ್ಯವಾದರೆ ಏಪ್ರಿಲ್‌ವರೆಗೆ ಕಾಯುವುದೇ ಸರಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯವನ್ನು ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಮಕ್ಕಳ ಸಂಖ್ಯೆ ಕುಗ್ಗಿದ ಶಾಲೆಯ ಪರವಾಗಿ ಆ ವಿಧಿಯನ್ನು ಹಿಡಿದು ವಾದಿಸುವುದು ಎಷ್ಟು ಕಷ್ಟವೆಂಬುದು ನಮಗೆ ಗೊತ್ತಿದೆ. ನಡುವರ್ಷದಲ್ಲಿ ಬಿಟ್ಟುಹೋಗುವ ಪ್ರತಿ ಮಗುವೂ ಉಳಿದ ಮಕ್ಕಳ ಶಾಲೆಯನ್ನು ಅಷ್ಟು ದುರ್ಬಲಗೊಳಿಸುತ್ತದೆ.

ಇನ್ನು ಅಂಕಗಳು. ತ್ರೈಮಾಸಿಕ ಪರೀಕ್ಷೆಯ ಅಂಕಪಟ್ಟಿ ಮಗುವಿನ ಮೇಲಿನ ತೀರ್ಪಲ್ಲ. ಎಲ್ಲಿ ತಿದ್ದಬೇಕೆಂದು ತೋರಿಸುವ ಪಟ್ಟಿ. ಒಟ್ಟು ಅಂಕ ನೋಡಿ ಬೈಯುವ ಬದಲು, ಯಾವ ವಿಷಯದ ಯಾವ ಪಾಠದಲ್ಲಿ ಬಿದ್ದಿದೆ ಎಂದು ಶಿಕ್ಷಕರನ್ನು ಕೇಳಿ. ಗಣಿತದಲ್ಲಿ 28 ಬಂದ ಹತ್ತನೆಯ ತರಗತಿಯ ಮಗುವಿಗೆ ‘90 ಬರಬೇಕು’ ಎಂಬ ಜೂನ್ ತಿಂಗಳ ಗುರಿ ಈಗ ಭಾರ. ‘ಡಿಸೆಂಬರ್‌ನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತೇರ್ಗಡೆಯ 35 ದಾಟಬೇಕು, ಅದಕ್ಕೆ ಈ ಮೂರು ಅಧ್ಯಾಯ’ ಎಂಬುದು ಅದು ಹೊರಬಲ್ಲ ಗುರಿ.

ಹನ್ನೊಂದನೆಯ ತರಗತಿಯ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಸಾರ್ವಜನಿಕ ಪರೀಕ್ಷೆ ಹೋಯಿತೆಂದು ಪುಸ್ತಕವನ್ನೇ ಮುಚ್ಚಬಾರದು. 2017-18ರಲ್ಲಿ ಆ ಪರೀಕ್ಷೆಯನ್ನು ತಂದದ್ದೇ, ಶಾಲೆಗಳು ಹನ್ನೊಂದರ ಪಾಠ ಬಿಟ್ಟು ಹನ್ನೆರಡಕ್ಕೆ ಹಾರುತ್ತಿದ್ದವೆಂಬ ಕಾರಣಕ್ಕೆ. ನೀಟ್, ಜೆಇಇ ಪರೀಕ್ಷೆಗಳಲ್ಲಿ ಹನ್ನೊಂದರ ಪಾಠಗಳಿಂದಲೂ ಪ್ರಶ್ನೆ ಬರುತ್ತವೆ. ಪರೀಕ್ಷೆಯ ಗಡುವು ಹೋಗಿದೆ, ಕಲಿಯುವ ಉದ್ದೇಶ ಹೋಗಿಲ್ಲ.

ತಮಿಳಿನ ಬಗ್ಗೆಯೂ ನಮ್ಮ ಗುರಿಯನ್ನು ಸ್ಪಷ್ಟ ಮಾಡಿಕೊಳ್ಳಬೇಕು. 2006ರ ತಮಿಳು ಕಲಿಕಾ ಕಾಯ್ದೆಯಂತೆ ತಮಿಳುನಾಡಿನ ಭಾಷಾ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳೂ ತಮಿಳು ಕಲಿಯಬೇಕು. ಹತ್ತನೆಯ ತರಗತಿಯ ತಮಿಳು ಪರೀಕ್ಷೆಯಿಂದ ನ್ಯಾಯಾಲಯಗಳು ಕೊಟ್ಟ ವಿನಾಯಿತಿಗಳು ತಾತ್ಕಾಲಿಕ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟದ್ದು ಒಂದು ವರ್ಷಕ್ಕೆ ಮಾತ್ರ. ರಾಜ್ಯದ ಲೋಕಸೇವಾ ಆಯೋಗದ ಪರೀಕ್ಷೆಗಳಲ್ಲಿ ತಮಿಳು ಅರ್ಹತಾ ಪತ್ರಿಕೆಯನ್ನು ಕಡ್ಡಾಯಗೊಳಿಸಿ 2021ರ ಡಿಸೆಂಬರ್‌ನಲ್ಲಿ ಆದೇಶವಾಗಿದೆ, ಅದರಲ್ಲಿ ಶೇ. 40 ಬಾರದಿದ್ದರೆ ಮುಂದಿನ ಪತ್ರಿಕೆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಭಾಷೆಯ ಹಕ್ಕಿಗಾಗಿ ನಾವು ಕೇಳುತ್ತಲೇ ಇರುತ್ತೇವೆ. ಹಾಗೆ ಕೇಳುತ್ತಲೇ, ಇಲ್ಲಿ ಸರ್ಕಾರಿ ಕೆಲಸ ಬಯಸುವ ಮಗುವಿಗೆ ದಿನಕ್ಕೆ ಅರ್ಧ ಗಂಟೆ ತಮಿಳು ಓದುವುದನ್ನು ಈ ತಿಂಗಳಿನಿಂದಲೇ ಗುರಿಯ ಪಟ್ಟಿಗೆ ಸೇರಿಸೋಣ. ಕರ್ನಾಟಕದಲ್ಲಿ ಓದಿಸುವ ಯೋಚನೆ ಇರುವವರು, ಗಡಿನಾಡ ಮತ್ತು ಹೊರನಾಡ ಕನ್ನಡಿಗರಿಗೆ ಇರುವ ಪ್ರವೇಶ ನಿಯಮಗಳಲ್ಲಿ ತಮ್ಮ ತಾಲ್ಲೂಕಿನ ಹೆಸರು ಇದೆಯೇ, ಯಾವ ಪ್ರಮಾಣಪತ್ರ ಬೇಕು ಎಂಬುದನ್ನು ಮೇ ತಿಂಗಳಿಗೆ ಬಿಡದೆ ಈಗಲೇ ವಿಚಾರಿಸಿಕೊಳ್ಳಲಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಲೆಕ್ಕ ಕೆಟ್ಟ ಮನೆಯ ಬಾಗಿಲಿಗೆ ಏಜೆಂಟ್ ಬರುತ್ತಾನೆ. ಓದು ಬಿಡಿಸಿ ಹದಿಹರೆಯದ ಹುಡುಗಿಯರನ್ನು ನೂಲಿನ ಗಿರಣಿಗಳಿಗೆ ಕರೆದೊಯ್ದು, ಸುಮಾರು ಮೂರು ವರ್ಷದ ಕೊನೆಗೆ ಮದುವೆಗೆಂದು ಒಂದು ಇಡಿಗಂಟು ಕೊಡುವ ಆಸೆ ತೋರಿಸುತ್ತಿದ್ದ ‘ಸುಮಂಗಲಿ’ ಪದ್ಧತಿ ಈ ಭಾಗದಲ್ಲಿ ಎಷ್ಟು ಹೆಣ್ಣುಮಕ್ಕಳ ಶಾಲೆಯನ್ನು ನುಂಗಿತೆಂಬುದು ಎಲ್ಲರಿಗೂ ತಿಳಿದಿದೆ. ಅವಧಿಗೆ ಮೊದಲು ಬಿಟ್ಟುಬಂದರೆ ಆ ಗಂಟು ಕೈತಪ್ಪುವ ಭಯದಲ್ಲಿ ಹುಡುಗಿಯರು ಕಾಯಿಲೆ ಬಿದ್ದರೂ ಉಳಿದರು. ನಡುವೆ ನಿಂತು ನೋಡಲು, ಬದಲಿಸಲು, ಹೊರಬರಲು ಬಿಡದ ಒಪ್ಪಂದ ಗುರಿಯಲ್ಲ, ಕಟ್ಟು. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೂ, 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದೂ 2016ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಅಪರಾಧ. ಅಂಥ ಮಾತು ಮನೆಗೆ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಮಗುವಿನ ಶಿಕ್ಷಕರಿಗೂ ಒಂದು ಮಾತು ತಿಳಿಸಿ.

ಈ ವಾರವೇ ಮಾಡಬಹುದಾದದ್ದು

ದೀಪಾವಳಿಯ ಮೊದಲು ಒಂದು ಭಾನುವಾರ ಸಂಜೆ ಮನೆಯವರೆಲ್ಲರೂ ಕುಳಿತುಕೊಳ್ಳಿ. ಹೈಸ್ಕೂಲು ಮುಟ್ಟಿದ ಮಕ್ಕಳನ್ನೂ ಕೂರಿಸಿಕೊಳ್ಳಿ. ಅವರು ಕೂಡಿ ಕಳೆಯಬಲ್ಲರು, ಮನೆಯ ಸ್ಥಿತಿ ತಿಳಿದರೆ ಹಟವೂ ಕಡಿಮೆಯಾಗುತ್ತದೆ. ಒಂದು ಹಾಳೆಯಲ್ಲಿ ಐದು ಸಾಲು ಸಾಕು: ಏಪ್ರಿಲ್‌ನಲ್ಲಿ ಅಂದುಕೊಂಡದ್ದು, ಈವರೆಗೆ ಆದದ್ದು, ನಡುವೆ ಬದಲಾದ ಕಾರಣ, ಮಾರ್ಚ್‌ವರೆಗಿನ ಹೊಸ ಮೊತ್ತ ಮತ್ತು ಗಡುವು, ಏನೇ ಆದರೂ ಬದಲಿಸದ ಒಂದು ಉದ್ದೇಶ. ಹಾಳೆಯನ್ನು ಗೋಡೆಗೆ ಅಂಟಿಸಿ, ಪೊಂಗಲ್ ಹಬ್ಬದ ರಜೆಯಲ್ಲಿ ಮತ್ತೊಮ್ಮೆ ನೋಡಿ.

ಕಡಿತ ಮಾಡಲೇಬೇಕಾದರೆ ಈ ಕ್ರಮದಲ್ಲಿ ಮಾಡಿ: ಮೊದಲು ಸಮಾರಂಭ, ಆಮೇಲೆ ಹೊಸ ವಸ್ತು, ಆಮೇಲೆ ಹೊಸ ಸಾಲದ ವಿಸ್ತರಣೆ, ಆಮೇಲೆ ಸಾಲ ತೀರಿಸುವ ವೇಗ. ಮಕ್ಕಳ ಊಟ, ಔಷಧಿ ಮತ್ತು ಶಾಲೆ ಈ ಪಟ್ಟಿಯಲ್ಲಿ ಇಲ್ಲ. ಐದನೆಯ ಸಾಲಿನಲ್ಲಿ ಏನು ಬರೆಯಬೇಕೆಂದು ಹೊಳೆಯದ ಮನೆಯವರು ‘ಮಗುವಿನ ಓದು ನಿಲ್ಲಬಾರದು’ ಎಂದು ಬರೆಯಲಿ. ಉಳಿದ ನಾಲ್ಕು ಸಾಲುಗಳನ್ನು ಎಷ್ಟು ಬಾರಿ ಬೇಕಾದರೂ ಅಳಿಸಿ ಬರೆಯಬಹುದು.